ಮೂರು ನೀರು ಕಾಣದ ಮಿಡಿಸೌತೆ

ಮಾವ,

ನಾನು ರೂಪ. ನಿನ್ನ ಅಕ್ಕನ ಮಗಳು. ಒಂದು ಕಡೆ ನಿಲ್ಲದವಳು, ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ಬೈಯುತ್ತಿದ್ದೆಯಲ್ಲ, ಅವಳೇ. ಈಗ ಗುಬ್ಬಿಯಲ್ಲೇ ನಿಂತಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರ, ನಿನ್ನ ಬಜ್ಜಿ ಗಾಡಿಯ ಹಿಂದೆ, ನೀನು ನಿಂತು ನಿಂತು ಸವೆಸಿದ ಅದೇ ಕಲ್ಲಿನ ಮೇಲೆ. ನೀನು ಓದುತ್ತಿದ್ದದ್ದು ಬಸ್ಸಿನ ಬೋರ್ಡು ಮತ್ತು ಪೇಪರಿನ ದೊಡ್ಡಕ್ಷರ ಮಾತ್ರ. ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಇದರಲ್ಲಿ ನಿನಗೆ ಹೇಳದೆ ನುಂಗಿಕೊಂಡ ಒಂದು ಮಾತಿದೆ.

ಶಾಲೆ ಬಿಟ್ಟು ಚೇಳೂರಿನಿಂದ ನಿನ್ನ ಮನೆಗೆ ಬಂದ ದಿನ ನೆನಪಿದೆಯಾ? ಹತ್ತನೇ ಕ್ಲಾಸಿಗೆ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಪ್ರಯೋಗಗಳನ್ನೆಲ್ಲ ಮಾಡಿಸಿದ್ದಾರಾ ಮಕ್ಕಳೇ ಅಂದರು. ಎಲ್ಲರೂ ಹೌದು ಸಾರ್ ಅಂದರು. ನಾನು ಎದ್ದು ನಿಂತು, ಲ್ಯಾಬಿನ ಬೀಗವನ್ನು ಈ ವರ್ಷ ತೆಗೆದೇ ಇಲ್ಲ ಸಾರ್ ಅಂದೆ. ಮರುದಿನದಿಂದ ನನ್ನನ್ನು ವರಾಂಡದಲ್ಲಿ ಕೂರಿಸಿದರು. ನಾಲ್ಕನೇ ದಿನ ನಾನೇ ಬ್ಯಾಗು ತೆಗೆದುಕೊಂಡು ಮನೆಗೆ ನಡೆದೆ, ಮತ್ತೆ ಹೋಗಲಿಲ್ಲ. ಅಮ್ಮ ಅತ್ತಳು, ಹೊಡೆದಳು, ಕೊನೆಗೆ ನಿನಗೆ ಫೋನ್ ಮಾಡಿದಳು. ನೀನು ನಕ್ಕೆ. "ಸುಳ್ಳು ಹೇಳಕ್ಕೆ ಬರದೋಳನ್ನ ಕಟ್ಕೊಂಡು ಏನ್ ಮಾಡ್ತೀಯಕ್ಕಾ? ಕಳ್ಸು ಇಲ್ಲಿಗೆ. ಬಜ್ಜಿ ಬುಡೋಕೆ ಸುಳ್ಳು ಬೇಕಾಗಿಲ್ಲ," ಅಂದೆ. ಮಕ್ಕಳಿಲ್ಲದ ನಿನ್ನ ಮತ್ತು ಅತ್ತೆಯ ಮನೆಗೆ ನಾನು ಹಾಗೆ ಬಂದೆ. ಸುಳ್ಳು ಹೇಳಲು ಬರದವಳು ಅನ್ನುವ ಹೆಸರು ಹೊತ್ತುಕೊಂಡು.

ಗಾಡಿಯಲ್ಲಿ ಎರಡು ವರ್ಷ ಇದ್ದೆ. ಕಾದ ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟು, ಅದು ಮೇಲೆದ್ದು ಬರುವ ಹೊತ್ತಿನಲ್ಲೇ ಎಣ್ಣೆಯ ಹದ ತಿಳಿಯುವುದನ್ನು ನೀನು ಕಲಿಸಿದೆ. ಆಮೇಲೆ ನನಗೆ ಬೇಜಾರು ಹತ್ತಿತು. ತುಮಕೂರಿಗೆ ಹೋಗಿ ಮನೆಸಾಮಾನಿನ ಅಂಗಡಿಯೊಂದರಲ್ಲಿ ಸೇರಿಕೊಂಡೆ. ಬಾಗಿಲ ಹತ್ತಿರ ನಿಂತು ಏರ್ ಫ್ರೈಯರ್ ಎಂಬ ಯಂತ್ರದಲ್ಲಿ ಆಲೂಗಡ್ಡೆ ಕರಿದು ತೋರಿಸುವ ಕೆಲಸ. "ಒಂದೇ ಚಮಚ ಎಣ್ಣೆ ಮೇಡಂ, ಹಾರ್ಟಿಗೆ ಒಳ್ಳೇದು" ಅಂತ ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು, ಬಜ್ಜಿನೂ ಬರುತ್ತಾ ಅಂದರು. ನಮ್ಮ ಮಾವನ ಬಜ್ಜಿ ಥರ ಬರಲ್ಲ ಮೇಡಂ, ಒಣಕಲಾಗಿರುತ್ತೆ ಅಂದುಬಿಟ್ಟೆ. ಯಜಮಾನರು ಸಂಜೆ ಕರೆದು, ಹಿಡಿ ಅಲ್ಲಾಡುತ್ತಿದ್ದ ಆ ಡೆಮೋ ಪೀಸನ್ನೇ ಕೈಗೆ ಕೊಟ್ಟು, ನಾಳೆಯಿಂದ ಬರಬೇಡಮ್ಮ ಅಂದರು. ಅದನ್ನು ತಂದು ನಿನ್ನ ಅಟ್ಟದ ಮೇಲೆ ಹಾಕಿ ಕುಣಿಗಲ್ ಕಡೆಗೆ ಹೋದೆ. ನೀನು ಅದಕ್ಕೆ ಗಾಳಿ ಬಾಣಲೆ ಅಂತ ಹೆಸರಿಟ್ಟು, ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆಯಂತೆ.

ಕುಣಿಗಲ್ಲಿನ ಫ್ಯಾಕ್ಟರಿಯಲ್ಲಿ ಬೆರಳುದ್ದದ ಮಿಡಿಸೌತೆಯನ್ನು ಅಳತೆ ನೋಡಿ ಬೇರೆ ಮಾಡುವ ಕೆಲಸ ನನ್ನದು. ಹೊಲದಿಂದ ಬಂದ ಕಾಯನ್ನು ನೀಲಿ ಡ್ರಮ್ಮುಗಳಲ್ಲಿ ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಆಮೇಲೆ ಹೊರದೇಶಕ್ಕೆ ಹೋಗುತ್ತದೆ. ಸೊಟ್ಟಗಾದದ್ದು ಹೋಗುವುದಿಲ್ಲ, ಕೆಲಸದವರು ಒಯ್ಯಬಹುದಿತ್ತು. ಮೊದಲ ದಿನ ನಾನು ಡ್ರಮ್ಮಿನಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡು ಉಗಿದೆ. ನಮ್ಮ ಸೂಪರ್‌ವೈಸರ್ ಪುಟ್ಟಲಕ್ಷ್ಮಕ್ಕ ಬಿದ್ದು ಬಿದ್ದು ನಕ್ಕಳು. "ಏನೇ, ಸಮುದ್ರನೇ ಕುಡ್ದಂಗಾಯ್ತಾ? ಮೂರು ನೀರು ಬದಲಾಯಿಸ್ದೆ ಇದನ್ನ ಬಾಯಿಗಿಕ್ಕಬಾರ್ದು ಕಣೇ. ಒಂದು ರಾತ್ರಿ ಒಂದು ನೀರು, ಇನ್ನೊಂದು ರಾತ್ರಿ ಇನ್ನೊಂದು, ಹಂಗೆ ಮೂರು. ನೆಪ್ಪಿಟ್ಕೊ." ನೆನಪಿಟ್ಟುಕೊಂಡೆ ಮಾವ. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಹಿಟ್ಟು ಕಲಸುತ್ತಾ ನಿಂತವನು ಹಾಗೇ ಗಾಡಿಯ ಚಕ್ರಕ್ಕೆ ಒರಗಿ ಕೂತುಬಿಟ್ಟೆಯಂತೆ. ನಾನು ಕುಣಿಗಲ್ಲಿನಿಂದ ಬರುವ ಹೊತ್ತಿಗೆ ನೀನು ತುಮಕೂರಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮತ್ತೆಗೆ ಓದು ಬರುವುದಿಲ್ಲ, ನಿನಗೆ ಬರುತ್ತದಲ್ಲಮ್ಮ, ಸರಿಯಾಗಿ ಕೇಳಿಸಿಕೋ ಅಂದರು. "ಹೃದಯ ಸುಸ್ತಾಗಿದೆ. ಮೈಯಲ್ಲಿ ನೀರು ತುಂಬ್ಕೊಳ್ಳುತ್ತೆ. ಎಣ್ಣೆ ಕಮ್ಮಿ ಮಾಡ್ಬೇಕು. ಅದಕ್ಕಿಂತ ಮುಖ್ಯ, ಉಪ್ಪು." ನಾನು ತಲೆಯಾಡಿಸಿದೆ.

ಅವತ್ತು ಸಂಜೆಯೇ ಅತ್ತೆ ಉಪ್ಪಿನ ಜಾಡಿಯನ್ನು ಅಟ್ಟಕ್ಕೆ ಏರಿಸಿದಳು. ಊಟಕ್ಕೆ ಕೂತರೆ ಅನ್ನಕ್ಕಿಂತ ಮೊದಲು ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪು ಇಡುವ ಮನೆ ನಮ್ಮದು. ಆ ಚಿಟಿಕೆ ನಿಂತಿತು. ಸಾರಿಗೂ ಕಾಲು ಭಾಗ ಉಪ್ಪು. ನೋಡಲು ಬಂದವರಿಗೆಲ್ಲ ಅತ್ತೆ, "ನಮ್ಮನೆಯವ್ರು ಉಪ್ಪು ಬುಟ್ಟವ್ರೆ" ಅನ್ನುತ್ತಿದ್ದಳು, ವ್ರತ ಹಿಡಿದವರ ಸುದ್ದಿ ಹೇಳುವ ಹಾಗೆ. ನಮ್ಮ ಲೆಕ್ಕದಲ್ಲಿ ಉಪ್ಪು ಅಂದರೆ ಕೈಯಲ್ಲಿ ತೆಗೆದು ಹಾಕುವುದು, ಜಾಡಿಯಲ್ಲಿರುವುದು. ಜಾಡಿ ಅಟ್ಟಕ್ಕೆ ಹೋದರೆ ಉಪ್ಪು ಮನೆಯಿಂದ ಹೋಯಿತು. ಹಾಗೆ ತಿಳಿದವಳು ಅತ್ತೆ ಒಬ್ಬಳೇ ಏನಲ್ಲ.

ನಾನು ಕೆಲಸ ಬಿಟ್ಟು ಗುಬ್ಬಿಗೆ ಬಂದು ಗಾಡಿ ಹಿಡಿದ ಮೊದಲ ವಾರ, ನೀನು ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಮೂವತ್ತು ವರ್ಷ ಊರಿಗೆಲ್ಲ ಬಜ್ಜಿ ಬಿಟ್ಟ ಮನುಷ್ಯ, ಒಂದು ಮೆಣಸಿನಕಾಯಿ ಬಜ್ಜಿಗೆ ನನ್ನ ಮುಖ ನೋಡಬೇಕಾಯಿತು. "ಅರ್ಧ ಕೊಡೇ," ಅಂದೆ ನೀನು. ಆಗಲ್ಲ ಅಂದೆ ನಾನು. "ತುದಿ ಕೊಡು, ಖಾರ ಇಲ್ದಿರೋ ತುದಿ." ಆಗಲ್ಲ ಮಾವ. ನೀನು ಸಿಟ್ಟು ಮಾಡಿಕೊಳ್ಳಲಿಲ್ಲ. ಮುಖವನ್ನು ಬಸ್ಸುಗಳ ಕಡೆಗೆ ತಿರುಗಿಸಿ ಕೂತೆ. ಅವತ್ತು ಮನೆಗೆ ಹೋದವಳೇ ಅಟ್ಟದಿಂದ ಗಾಳಿ ಬಾಣಲೆ ಇಳಿಸಿದೆ. ಉಪ್ಪಿನ ಜಾಡಿ ಅದರ ಪಕ್ಕದಲ್ಲೇ ಇತ್ತು. ಅದನ್ನು ಸರಿಸಿ ಇದನ್ನು ಎತ್ತಿಕೊಂಡೆ.

ಮೊದಲ ಸಲ ಮಾಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಫ್ಯಾಕ್ಟರಿಯಿಂದ ತಂದಿದ್ದ ಸೊಟ್ಟ ಮಿಡಿಸೌತೆಯನ್ನು ಬಿಲ್ಲೆ ಮಾಡಿ, ನಿನ್ನ ಬಜ್ಜಿ ಹಿಟ್ಟಿನಲ್ಲೇ ಅದ್ದಿ ಇಟ್ಟೆ. ಹಿಟ್ಟೆಲ್ಲ ಜಾಲರಿಯ ತೂತಿನಿಂದ ಸೋರಿ ಅಡಿಯಲ್ಲಿ ಗಟ್ಟಿಯಾಯಿತು. ನೀನು ಅದನ್ನು ಬೆಳಕಿಗೆ ಹಿಡಿದು, "ಇದೇನೇ ಇದು, ಬಜ್ಜಿನೋ ಬೆರಣಿನೋ?" ಅಂದೆ. ನಾನು ಹಟ ಬಿಡಲಿಲ್ಲ. ಬಿಲ್ಲೆಗಳನ್ನು ಬಟ್ಟೆಯ ಮೇಲೆ ಹರವಿ ನೀರು ಹೀರಿಸಿದೆ. ಕಡಲೆಹಿಟ್ಟನ್ನು ಗಟ್ಟಿಯಾಗಿ ಸವರಿ, ಅವಲಕ್ಕಿ ತರಿ, ಓಂಕಾಳು, ಖಾರದಪುಡಿಯಲ್ಲಿ ಹೊರಳಿಸಿ, ಮೇಲೆ ಒಂದು ಚಮಚ ಎಣ್ಣೆ ಚಿಮುಕಿಸಿ ಇಟ್ಟೆ. ಹನ್ನೆರಡು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿದೆ. ಈ ಸಲ ಕಚ್ಚಿದರೆ ಕರಕರ ಅಂತ ಸದ್ದು ಬಂತು. ನೀನು ಕಣ್ಣು ಮುಚ್ಚಿ ಅಗಿದೆ. "ಸದ್ದು ಬಂತು. ರುಚಿ ಇನ್ನೂ ಬಸ್ಸಿಳಿದಿಲ್ಲ. ಸಪ್ಪೆ ಕಣವ್ವ," ಅಂದೆ.

ಆ ಸಲ ನಾನು ಮೂರು ನೀರು ಬದಲಾಯಿಸಿದ್ದೆ ಮಾವ. ಪುಟ್ಟಲಕ್ಷ್ಮಕ್ಕ ಹೇಳಿದ ಹಾಗೇ. ಮುಂದಿನ ಸಲ ಎರಡೇ ನೀರು ಬದಲಾಯಿಸಿದೆ. "ಹಾಂ, ಬತ್ತಾ ಐತೆ," ಅಂದೆ ನೀನು. ಅದರ ಮುಂದಿನ ಸಲ ಒಂದೇ ನೀರು. ಅವತ್ತು ನೀನು ಆರು ತಿಂದು, ಬೆರಳಿಗಂಟಿದ ಪುಡಿಯನ್ನೂ ನೆಕ್ಕಿ, ನನ್ನ ತಲೆಯ ಮೇಲೆ ಕೈಯಿಟ್ಟೆ. ನಿನ್ನ ಕೈಯಿಂದ ನಾನು ಅಂಥ ಸರ್ಟಿಫಿಕೇಟು ಯಾವತ್ತೂ ಪಡೆದಿರಲಿಲ್ಲ. ನನಗೆ ಗೊತ್ತಿತ್ತಾ? ಇದನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಡಾಕ್ಟರು ಹೇಳಿದ್ದು ಗೊತ್ತಿತ್ತು. ಡ್ರಮ್ಮಿನಲ್ಲಿ ಏನಿರುತ್ತದೆ ಅಂತಲೂ ಗೊತ್ತಿತ್ತು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. ಎಣ್ಣೆ ಇಲ್ಲ, ಎಣ್ಣೆ ಇಲ್ಲ ಅನ್ನುವ ಅಂಗಡಿಯ ಪಾಠ ತಲೆಯಲ್ಲಿ ಅಷ್ಟು ಜೋರಾಗಿ ಓಡುತ್ತಿತ್ತು... ಇಲ್ಲ, ಅದೂ ನೆಪವೇ. ನಿನ್ನ ಮುಖ ಅರಳುವುದು ನನಗೆ ಬೇಕಿತ್ತು.

ಗಾಡಿಗೆ ಬೋರ್ಡು ಬರೆದ ದಿನ ನಿನಗೆ ಎಂಥ ಖುಷಿ! ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, "ಎಣ್ಣೆ ಇಲ್ಲದ ಮಿಡಿಸೌತೆ ಬಜ್ಜಿ, ಆರೋಗ್ಯಕ್ಕೆ ಒಳ್ಳೆಯದು" ಅಂತ ಬರೆದೆ. ಆ ಅಕ್ಷರಗಳನ್ನು ನೀನು ಬೆರಳಿಟ್ಟು ಓದಿದೆ. ಬಸ್ಸಿನ ಕಂಡಕ್ಟರುಗಳನ್ನು ಕೂಗಿ ಕರೆಯುತ್ತಿದ್ದೆ. "ಬಾರಯ್ಯ, ನಮ್ ಹುಡ್ಗಿ ಗಾಳೀಲಿ ಬಜ್ಜಿ ಬುಡ್ತಾಳೆ. ನಾನೇ ದಿನಾ ತಿಂತೀನಿ, ಹಾರ್ಟ್ ಪೇಷೆಂಟು!" ದಿನಾ ನಾಲ್ಕು ಗಂಟೆಗೆ ಒಂದು ತಟ್ಟೆ. ಎಂಟು ತಿಂಗಳು. ನಾನು ಹದಿನೈದು ದಿನಕ್ಕೊಮ್ಮೆ ಕುಣಿಗಲ್ಲಿಗೆ ಹೋಗಿ ಪುಟ್ಟಲಕ್ಷ್ಮಕ್ಕನ ಹತ್ತಿರ ಒಂದು ಕ್ಯಾನು ಸೊಟ್ಟ ಮಿಡಿಸೌತೆ ಕೇಳಿ ಹೊತ್ತು ತರುತ್ತಿದ್ದೆ. ಬಸ್ಸಿನಲ್ಲಿ ಕ್ಯಾನನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂರುತ್ತಿದ್ದೆ, ಔಷಧಿ ತರುವವಳ ಹಾಗೆ.

ನಿನ್ನ ಚಪ್ಪಲಿ ಹಿಡಿಯದಾದದ್ದು ಯಾವಾಗ? ಬೇಸಿಗೆಯಲ್ಲೇ ಇರಬೇಕು. ಹವಾಯಿ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು, ಬಿಚ್ಚಿದ ಮೇಲೂ ಅದರ ಗುರುತು ಗೀರಿದ ಹಾಗೆ ಉಳಿಯುತ್ತಿತ್ತು. "ನಿಂತೂ ನಿಂತೂ ಊದವೆ ಬುಡು," ಅಂದೆ ನೀನು. ಆಗ ನೀನು ನಿಲ್ಲುತ್ತಲೇ ಇರಲಿಲ್ಲವಲ್ಲ ಮಾವ, ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಅದೂ ನನಗೆ ಹೊಳೆಯಲಿಲ್ಲ. ನಾನು ಒಂದು ಅಳತೆ ದೊಡ್ಡ ಚಪ್ಪಲಿ ತಂದುಕೊಟ್ಟೆ. ಆಮೇಲೆ ದಿಂಬು ಎರಡಾಯಿತು, ಮೂರಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ನೀನು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದೆ. ಅತ್ತೆ ಸಾರಿನಲ್ಲಿದ್ದ ಕಾಲು ಭಾಗ ಉಪ್ಪನ್ನೂ ತೆಗೆದಳು. ನಾನು ನಾಲ್ಕು ಗಂಟೆಯ ತಟ್ಟೆಯನ್ನು ತಪ್ಪಿಸಲಿಲ್ಲ. ಊಟ ಸೇರದವನಿಗೆ ಅದಾದರೂ ಸೇರಲಿ ಅಂತ ಒಂದೆರಡು ಜಾಸ್ತಿಯೇ ಇಟ್ಟೆ.

ಆಷಾಢದಲ್ಲಿ ನಿನ್ನನ್ನು ಮತ್ತೆ ತುಮಕೂರಿಗೆ ಕರೆದುಕೊಂಡು ಹೋದೆವು. ಮೂಗಿಗೆ ನಳಿಗೆ ಹಾಕಿದ್ದರು. ಎರಡನೇ ಬೆಳಗ್ಗೆ ನಾನು ವಾರ್ಡಿಗೆ ಬಂದಾಗ ನೀನು ಅತ್ತೆಗೆ ಕಾಣದ ಹಾಗೆ ಬೆರಳಿನಲ್ಲಿ ಕೇಳಿದೆ, ತಂದಿದೀಯಾ ಅಂತ. ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ ಇತ್ತು. ಅಷ್ಟರಲ್ಲಿ ಡಾಕ್ಟರು ಬಂದರು. ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಹಾಗೇ ಉಳಿಯಿತು. "ಉಪ್ಪು ಹೇಗೆ ತಿಂತಿದ್ರು? ಉಪ್ಪಿನಕಾಯಿ, ಹಪ್ಪಳ, ಅಂಥದ್ದೇನಾದ್ರೂ?" ಅತ್ತೆ ತಲೆಯೆತ್ತಿ ಹೇಳಿದಳು: "ಇಲ್ಲ ಸಾರ್. ಎಂಟು ತಿಂಗ್ಳಿಂದ ಉಪ್ಪೇ ಮುಟ್ಟಿಲ್ಲ. ಜಾಡಿನೇ ಅಟ್ಟಕ್ಕಿಟ್ಟಿದೀನಿ." ಡಾಕ್ಟರು ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು. ಆಗ ಮಾವ, ಆ ಕ್ಷಣದಲ್ಲೇ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ನೀಲಿ ಡ್ರಮ್ಮು, ಒಂದು ನೀರು, ಆರು ಬಿಲ್ಲೆ, ಚಪ್ಪಲಿಯ ಗುರುತು. ಸಾಹೇಬರ ಮುಂದೆ ಎದ್ದು ನಿಂತ ಹುಡುಗಿ, ನಿನ್ನ ಮಂಚದ ಪಕ್ಕ ನಿಂತು ಸುಮ್ಮನಿದ್ದೆ.

ಅವರು ಹೋದ ಮೇಲೆ ಕೆಳಗಿಳಿದು ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದೆ. ನಲ್ಲಿಯಲ್ಲಿ ತೊಳೆದೆ, ವಾಸನೆ ಹೋಗುವ ತನಕ. ಮೇಲೆ ಬಂದು, ಇವತ್ತು ತಂದಿಲ್ಲ ಮಾವ ಅಂದೆ. ನೀನು ಪರವಾಗಿಲ್ಲ ಅನ್ನುವಂತೆ ಕಣ್ಣು ಮಿಟುಕಿಸಿದೆ. ನಾನು ನಿನಗೆ ಹೇಳಿದ ಮೊದಲ ಸುಳ್ಳು ಅದು, ಕೊನೆಯದೂ ಅದೇ ಆಯಿತು. ಮರುದಿನ ಹತ್ತು ಗಂಟೆಯ ಬಿಸಿಲು ಕಿಟಕಿಯಲ್ಲಿ ಬರುವ ಹೊತ್ತಿಗೆ ನೀನಿರಲಿಲ್ಲ. ಡಾಕ್ಟರಿಗೆ ಹೇಳಿದ್ದರೆ ಉಳಿಯುತ್ತಿದ್ದೆಯಾ? ಗೊತ್ತಿಲ್ಲ. ಹೃದಯ ಮೊದಲೇ ಸುಸ್ತಾಗಿತ್ತು ಅಂತ ಅವರೇ ಹೇಳಿದ್ದರಲ್ಲ ಅಂತ ಕೆಲವು ದಿನ ಸಮಾಧಾನ ಮಾಡಿಕೊಂಡೆ. ಹಾಗಾದರೆ ಡಬ್ಬಿ ಯಾಕೆ ತೊಳೆದೆ?

ಈ ಪಿತೃಪಕ್ಷದಲ್ಲಿ ನಿನಗೆ ಮೊದಲ ಎಡೆ. ಬೆಳಗ್ಗೆಯೇ ಅತ್ತೆ, "ಅದನ್ನೂ ಮಾಡೇ, ಅವ್ರಿಗೆ ಪ್ರಾಣ ಅದು," ಅಂದಳು. ಮಾಡಿದೆ. ನಿನ್ನ ಫೋಟೋದ ಮುಂದೆ ಬಾಳೆಲೆ ಹಾಸಿ, ಅನ್ನ, ಹುಳಿ, ಪಾಯಸ, ವಡೆ ಎಲ್ಲ ಬಡಿಸಿದ ಮೇಲೂ ನಾನು ಆ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತಿದ್ದೆ.

"ತಾರೇ, ಹೊತ್ತಾಯ್ತು."

"ಇದನ್ನ ಇಡಲ್ಲ ಅತ್ತೆ."

"ಯಾಕೇ?"

ಹೇಳಿದೆ. ಡ್ರಮ್ಮು, ಮೂರು ನೀರು, ಒಂದು ನೀರು, ಡಬ್ಬಿ, ಎಲ್ಲ. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. "ಅದ್ರಲ್ಲಿ ಉಪ್ಪೆಲ್ಲಿ ಬಂತು? ಸೌತೆಕಾಯಿ ಅಲ್ವೇನೇ ಅದು?"

"ತಿಂಗಳುಗಟ್ಲೆ ಉಪ್ಪುನೀರಲ್ಲಿ ಇರ್ತದೆ ಅತ್ತೆ. ನಾನು ಆ ಉಪ್ಪನ್ನ ಸರಿಯಾಗಿ ಬುಡಿಸ್ಲಿಲ್ಲ. ಡಾಕ್ಟ್ರು ಕೇಳ್ದಾಗ್ಲೂ ಹೇಳ್ಲಿಲ್ಲ."

ಅತ್ತೆ ಒಲೆಯ ಕಟ್ಟೆ ಹಿಡಿದು ನೆಲದ ಮೇಲೆ ಕೂತಳು. "ಎಂಟು ತಿಂಗ್ಳು ನಾನೂ ಸಪ್ಪೆ ಉಂಡೆ ಕಣೇ," ಅಂದಳು. "ಅವ್ರು ಸಪ್ಪೆ ಉಣ್ತಾ ಅವ್ರೆ, ನಾನ್ಯಾಕೆ ರುಚಿಯಾಗಿ ಉಣ್ಲಿ ಅಂತ." ಆಮೇಲೆ ನನ್ನನ್ನು ನೋಡಿದಳು. "ಸುಳ್ಳು ಹೇಳಕ್ಕೆ ಬರಲ್ಲ ಅಂತಿದ್ರಲ್ಲ ನಿಮ್ ಮಾವ ನಿನ್ನ."

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು ಸ್ಟೂಲು ಹಾಕಿ ಅಟ್ಟದಿಂದ ಉಪ್ಪಿನ ಜಾಡಿ ಇಳಿಸಿದಳು. ಅದರ ಮುಚ್ಚಳದ ಮೇಲೆ ಧೂಳು ಕೂತಿತ್ತು, ಸೆರಗಿನಲ್ಲಿ ಒರೆಸಿದಳು. ಎಡೆಗೆ ಉಪ್ಪು ಇಡುವ ಪದ್ಧತಿ ಇದೆಯೋ ಇಲ್ಲವೋ, ಬಂದಿದ್ದ ನೆಂಟರು ಯಾರೂ ಕೇಳಲಿಲ್ಲ. ನಿನ್ನ ಎಲೆಯ ಅಂಚಿಗೆ ಒಂದು ಚಿಟಿಕೆ ಇಟ್ಟಳು. ನಾನು ಮಾಡಿದ್ದನ್ನು ಹಿತ್ತಿಲಿನಲ್ಲಿ ಗುಂಡಿ ತೆಗೆದು ಮುಚ್ಚಿದೆ.

ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತಾಡಿಲ್ಲ. ಅಡುಗೆ ಮಾಡಿ ನನ್ನ ತಟ್ಟೆ ಮುಚ್ಚಿಟ್ಟು ಒಳಗೆ ಹೋಗುತ್ತಾಳೆ. ತಟ್ಟೆಯ ಅಂಚಿನಲ್ಲಿ ಉಪ್ಪು ಇಟ್ಟಿರುತ್ತಾಳೆ, ಮೊದಲಿನ ಹಾಗೇ. ಬೇರೆ ಊರಿಗೆ ಹೋಗಿಬಿಡೋಣ ಅನ್ನಿಸಿತು. ಚೀಲ ಕೂಡ ತುಂಬಿದೆ. ಓಡುವುದು ನನಗೆ ಕಷ್ಟವೇ ಅಲ್ಲವಲ್ಲ? ಆದರೆ ಗಾಡಿಯ ಬೋರ್ಡು ಇನ್ನೂ ಹಾಗೇ ಇತ್ತು. ಆರೋಗ್ಯಕ್ಕೆ ಒಳ್ಳೆಯದು. ನನ್ನ ಅಕ್ಷರದಲ್ಲಿ. ಅದನ್ನು ನಂಬಿ ಇನ್ನೂ ಎಷ್ಟು ಜನ...

ಒರೆಸಿದೆ. ಹೊಸದಾಗಿ ಬರೆದೆ: "ಮಿಡಿಸೌತೆ ಬಜ್ಜಿ. ಎಣ್ಣೆ ಕಮ್ಮಿ. ಉಪ್ಪು ಇದೆ. ಬಿಪಿ, ಹಾರ್ಟ್, ಕಿಡ್ನಿ ತೊಂದರೆ ಇರುವವರಿಗೆ ಕೊಡುವುದಿಲ್ಲ." ಈಗ ಮೂರು ನೀರು ಬದಲಾಯಿಸದೆ ಒಂದು ಬಿಲ್ಲೆಯನ್ನೂ ಮಾಡುವುದಿಲ್ಲ. ಮೂರು ನೀರಿನ ಮೇಲೂ ಉಪ್ಪು ಪೂರ್ತಿ ಹೋಗುವುದಿಲ್ಲ ಮಾವ, ಅದಕ್ಕೇ ವಯಸ್ಸಾದವರು ಬಂದರೆ ಕೇಳುತ್ತೇನೆ. "ಇದೇನಮ್ಮ, ಬಜ್ಜಿ ತಿನ್ನಕ್ಕೂ ಚೀಟಿ ತರ್ಬೇಕಾ?" ಅಂತ ನಗುತ್ತಾರೆ. ನಿನ್ನ ಕಂಡಕ್ಟರೊಬ್ಬ, "ಇರೋ ಗಿರಾಕಿನೂ ಓಡಿಸ್ತೀಯ. ನಿಮ್ಮ ಮಾವ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ದ," ಅಂದ. ನೀನು ಇದ್ದಿದ್ದರೆ ಅಂತ ಅವನು ಎಷ್ಟು ಸುಲಭವಾಗಿ ಹೇಳಿದ.

ನಿನಗೆ ಗೊತ್ತಿಲ್ಲದ ಸುದ್ದಿ ಇದೊಂದು. ನಿನ್ನೆ ನಾಲ್ಕು ಗಂಟೆಗೆ ಅತ್ತೆ ಗಾಡಿಯ ಹತ್ತಿರ ಬಂದಳು. ನೀನು ಹೋದ ಮೇಲೆ ಮೊದಲ ಸಲ. ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದಲು ಬರುವುದಿಲ್ಲ, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯಿಂದ ಓದಿಸಿದಳು. ಉಪ್ಪು ಇದೆ ಅನ್ನುವುದನ್ನು ಎರಡು ಸಲ ಓದಿಸಿದಳು. ಆಮೇಲೆ ನನ್ನ ಮುಖ ನೋಡದೆ, ತಟ್ಟೆಯಿಂದ ಒಂದು ಬಿಲ್ಲೆ ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು, ನೀನು ಅವತ್ತು ಅಗಿದ ಹಾಗೆ.

"ಸಪ್ಪೆ," ಅಂದಳು.

ಅಷ್ಟೇ. ಸೆರಗಿನಿಂದ ಬಾಯಿ ಒರೆಸಿಕೊಂಡು ಮನೆಯ ಕಡೆ ನಡೆದಳು. ಕ್ಷಮಿಸಿದಳು ಅಂತ ನಾನು ನಿನಗೆ ಬರೆಯುವುದಿಲ್ಲ. ನನಗೆ ಗೊತ್ತಿಲ್ಲದ್ದನ್ನು ಬರೆಯಲಾರೆ. ನನ್ನ ಕೈ ಮಾತ್ರ ಪಕ್ಕದಲ್ಲಿದ್ದ ಉಪ್ಪಿನ ಡಬ್ಬಿಯ ಕಡೆಗೆ ಹೋಗಲಿಲ್ಲ ಮಾವ. ಅವತ್ತು ನೀನು ಅದೇ ಮಾತು ಹೇಳಿದಾಗಲೂ ಹೀಗೇ ಸುಮ್ಮನೆ ನಿಂತಿರಬೇಕಿತ್ತು. ಇನ್ನು ಯಾರು ಸಪ್ಪೆ ಅಂದರೂ ನಿಲ್ಲುತ್ತೇನೆ.

ನಿನ್ನ
ರೂಪ